ಇಲ್ಲವೆಂಬುದೂ ಒಂದು ಉತ್ತರ

ವಾಲ್ವುಗಳಿದ್ದ ಹಳೆಯ ರೇಡಿಯೋವನ್ನು ದುರಸ್ತಿಗೆ ಒಯ್ದವರಿಗೆ ಒಂದು ಸಂಗತಿ ನೆನಪಿರಬಹುದು. ಒಳ್ಳೆಯ ಕಸಬುದಾರನು ಪೆಟ್ಟಿಗೆಯ ಹಿಂದಿನ ಹಲಗೆಯನ್ನು ಕೂಡಲೇ ಬಿಚ್ಚುತ್ತಿರಲಿಲ್ಲ. ಗುಂಡಿ ತಿರುಗಿಸಿ, ಕಿವಿಗೊಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಬಿಡುತ್ತಿದ್ದನು. ದೀಪವೇ ಹತ್ತದೆ ಪೆಟ್ಟಿಗೆ ತಣ್ಣಗಿದ್ದರೆ ಅದು ಒಂದು ಬಗೆಯ ದೋಷ. ದೀಪ ಹತ್ತಿ ಗುಂಯ್ಯೆಂಬ ಸದ್ದು ಮಾತ್ರ ಬಂದರೆ ಇನ್ನೊಂದು ಬಗೆ. ಹತ್ತಿರದ ನಿಲಯ ಕೇಳಿಸಿ ದೂರದ ನಿಲಯ ಕೇಳಿಸದಿದ್ದರೆ ಮತ್ತೊಂದು. "ರೇಡಿಯೋ ಕೆಟ್ಟಿದೆ" ಎಂದು ನಾವು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಅವನ ಕಿವಿ ಮೂರು ಬೇರೆ ಬೇರೆ ಕಾಯಿಲೆಗಳಾಗಿ ವಿಂಗಡಿಸುತ್ತಿತ್ತು. ಅರ್ಧ ದುರಸ್ತಿ ಅಲ್ಲಿಗೇ ಮುಗಿಯುತ್ತಿತ್ತು.

ಆ ಕಿವಿ ಇಂದು ಇನ್ನೊಂದು ಕಡೆಯಲ್ಲಿಯೂ ಬೇಕಾಗಿದೆ. ಔಷಧದ ಅಂಗಡಿ, ಸಹಕಾರ ಸಂಘ, ವಾಚನಾಲಯ, ಚಿಕಿತ್ಸಾಲಯ, ಶಾಲೆಯ ಕಚೇರಿ, ಹೀಗೆ ಊರಿನಲ್ಲಿ ಎಲ್ಲಿ ನೋಡಿದರೂ ಮೂರು ನಾಲ್ಕು ಕಂಪ್ಯೂಟರುಗಳು ಒಂದರೊಡನೊಂದು ಕೂಡಿಕೊಂಡು ಕೆಲಸ ಮಾಡುತ್ತಿರುತ್ತವೆ. ಒಂದು ಬೆಳಗ್ಗೆ ಅವುಗಳಲ್ಲೊಂದರ ಪರದೆಯ ಮೇಲೆ "ಕನೆಕ್ಷನ್ ರೆಫ್ಯೂಸ್ಡ್", ಅಂದರೆ ಸಂಪರ್ಕವನ್ನು ನಿರಾಕರಿಸಲಾಗಿದೆ ಎಂಬ ಮಾತು ಮೂಡುತ್ತದೆ. ಸಾಲಿನಲ್ಲಿ ನಿಂತ ಜನ ಗೊಣಗತೊಡಗುತ್ತಾರೆ. ಗುಮಾಸ್ತರು "ಸರ್ವರ್ ಇಲ್ಲ, ನಾಳೆ ಬನ್ನಿ" ಎನ್ನುತ್ತಾರೆ. ಆದರೆ ಯಂತ್ರವು ಹೇಳಿದ್ದು ಅದಲ್ಲ. ಅದು ಹೇಳಿದ ಮಾತಿಗೆ ಬಹಳ ಖಚಿತವಾದ ಅರ್ಥವುಂಟು. ಆ ಅರ್ಥವೇನು, ಅದನ್ನು ತಿಳಿದವರು ಎಲ್ಲಿಂದ ಹುಡುಕಲು ತೊಡಗಬೇಕು ಎಂಬುದನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೀಗಿತ್ತು. ಒಂದು ಸಣ್ಣ ಊರಿನ ಚಿಕಿತ್ಸಾಲಯ. ವೈದ್ಯರ ಕೋಣೆಯ ಕಂಪ್ಯೂಟರಿನಲ್ಲಿ ಆರು ವರ್ಷಗಳ ರೋಗಿಗಳ ದಾಖಲೆ ಇತ್ತು: ಯಾವ ಮಗುವಿಗೆ ಯಾವ ಲಸಿಕೆ ಆಗಿದೆ, ಯಾವ ಅಜ್ಜಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಎಷ್ಟು, ಯಾರಿಗೆ ಯಾವ ಔಷಧ ಒಗ್ಗುವುದಿಲ್ಲ, ಇವೆಲ್ಲ ಅದರಲ್ಲಿಯೇ. ಮುಂಭಾಗದಲ್ಲಿ ಚೀಟಿ ಬರೆಯುವ ಹುಡುಗನ ಕಂಪ್ಯೂಟರು ಆ ದಾಖಲೆಯನ್ನು ಕೇಳಿ ತರಿಸಿಕೊಳ್ಳುತ್ತಿತ್ತು. ಭಾನುವಾರ ರಾತ್ರಿ ಮಳೆ ಬಂದು ವಿದ್ಯುತ್ತು ಹೋಗಿ ಬಂದಿತ್ತು. ಸೋಮವಾರ ಬೆಳಗ್ಗೆ ಹುಡುಗನ ಪರದೆಯ ಮೇಲೆ ನಿರಾಕರಣೆಯ ಮಾತು. ಪಕ್ಕದಲ್ಲಿ 10061 ಎಂಬ ಅಂಕಿ. ಸೋಜಿಗವೆಂದರೆ ವೈದ್ಯರ ಕೋಣೆಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಹುಡುಗನು ತಿಳಿದವರಿಗೆಲ್ಲ ಫೋನು ಮಾಡಿದನು. ಒಬ್ಬರು ಹೇಳಿದಂತೆ ವೈದ್ಯರ ಕಂಪ್ಯೂಟರಿನ ರಕ್ಷಣೆಯ ಗೋಡೆಯನ್ನು, ಅಂದರೆ ಫೈರ್‌ವಾಲನ್ನು, ಪೂರ್ತಿ ಆರಿಸಿದನು, ಗುಣ ಕಾಣಲಿಲ್ಲ. ಇನ್ನೊಬ್ಬರ ಮಾತಿನಂತೆ ಗುಪ್ತಪದವನ್ನು ಬದಲಿಸಿದನು, ಆಗಲೂ ಇಲ್ಲ. ಮೂರನೆಯವರು "ಡೇಟಾಬೇಸ್ ತೆಗೆದುಹಾಕಿ ಹೊಸದಾಗಿ ಹಾಕಿಬಿಡು" ಎಂದರು. ಅವನ ಕೈ ಆ ಗುಂಡಿಯ ಸಮೀಪಕ್ಕೆ ಹೋಗಿತ್ತು. ಅಷ್ಟರಲ್ಲಿ ಈ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರು ಬಂದು, "ತಾಳಪ್ಪಾ, ಅದು ಏನು ಹೇಳುತ್ತಿದೆ ಎಂಬುದನ್ನು ಮೊದಲು ಓದೋಣ" ಎಂದರು. ಅವರು ಓದಿದ್ದು ಏನು? ಅದಕ್ಕೆ ಮುಂಚೆ ಈ ಏರ್ಪಾಡನ್ನು ನಾವು ಸ್ವಲ್ಪ ತಿಳಿದುಕೊಳ್ಳಬೇಕು.

ಶಾನುಭೋಗರ ಮನೆ

ಹಿಂದಿನ ಕಾಲದಲ್ಲಿ ಹಳ್ಳಿಯ ಲೆಕ್ಕಪತ್ರವೆಲ್ಲ ಶಾನುಭೋಗರ ಮನೆಯಲ್ಲಿರುತ್ತಿತ್ತು. ಪಹಣಿ ಬೇಕಾದವರು ಅವರ ಮನೆಗೆ ಹೋಗಿ ಕೇಳಬೇಕು; ಕಡತವನ್ನು ಅವರೇ ತೆಗೆದು ನೋಡಿ ಹೇಳಬೇಕು. ಬಂದವರೆಲ್ಲ ಕಡತಕ್ಕೆ ಕೈಹಾಕುವಂತಿಲ್ಲ. ಡೇಟಾಬೇಸ್ ಸರ್ವರು ಇಂತಹ ಶಾನುಭೋಗರೇ. ಅದು ಒಂದು ಕಂಪ್ಯೂಟರಿನಲ್ಲಿ ಕುಳಿತು ಕಡತವನ್ನು ಕಾಯುವ ಪ್ರೋಗ್ರಾಮು. ಉಳಿದ ಕಂಪ್ಯೂಟರುಗಳು ಅದನ್ನು ಕೇಳುತ್ತವೆ. ಅದು ಉತ್ತರ ಕೊಡುತ್ತದೆ. ಸಣ್ಣ ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವ ಇಂತಹ ಪ್ರೋಗ್ರಾಮುಗಳಲ್ಲಿ ಮೈಎಸ್‌ಕ್ಯೂಎಲ್ ಒಂದು. 1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಇದರ ಹೆಸರಿನ ಮೊದಲ ಭಾಗವು, ಅದನ್ನು ಬರೆದವರಲ್ಲೊಬ್ಬರಾದ ಮೈಕೇಲ್ ವಿಡೇನಿಯಸ್ ಅವರ ಮಗಳು 'ಮೈ'ಯ ಹೆಸರು. ಈ ಲೇಖನದಲ್ಲಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಶಾನುಭೋಗರನ್ನು ಕಾಣಲು ನಮಗೆ ಎರಡು ಸಂಗತಿ ತಿಳಿದಿರಬೇಕು: ಮನೆ ಯಾವುದು, ಬಾಗಿಲು ಯಾವುದು. ಕಂಪ್ಯೂಟರಿನ ಮನೆಯ ವಿಳಾಸವು 192.168.1.5 ಎಂಬಂತೆ ಅಂಕಿಗಳ ಸಾಲು. 192.168ರಿಂದ ತೊಡಗುವ ವಿಳಾಸಗಳನ್ನು 1996ರ ಫೆಬ್ರುವರಿಯ ಒಂದು ಪ್ರಕಟಣೆಯು ಖಾಸಗಿ ಜಾಲಗಳಿಗೆಂದು ಮೀಸಲಿಟ್ಟಿತು. ಆದುದರಿಂದ ನಿಮ್ಮ ಕಚೇರಿಯಲ್ಲಿಯೂ ಪಕ್ಕದ ಬೀದಿಯ ಕಚೇರಿಯಲ್ಲಿಯೂ ಅವೇ ವಿಳಾಸಗಳಿರಬಹುದು. ಒಂದೊಂದು ಕಟ್ಟಡದೊಳಗೂ ಅವು ಪ್ರತ್ಯೇಕ. ಸಾಮಾನ್ಯವಾಗಿ ಈ ವಿಳಾಸಗಳನ್ನು ಹಂಚುವುದು ಗೋಡೆಯ ಮೇಲೆ ಮಿಣುಕುತ್ತಿರುವ ರೂಟರು. ಇನ್ನು ಬಾಗಿಲು. ಒಂದೊಂದು ಕಂಪ್ಯೂಟರಿಗೂ 65,535ರವರೆಗೆ ಸಂಖ್ಯೆ ಹಾಕಿದ ಬಾಗಿಲುಗಳುಂಟು. ಇವನ್ನು ಪೋರ್ಟು ಎನ್ನುತ್ತಾರೆ. ಮೈಎಸ್‌ಕ್ಯೂಎಲ್ ವಾಡಿಕೆಯಂತೆ ಕುಳಿತುಕೊಳ್ಳುವುದು 3306ನೆಯ ಬಾಗಿಲಲ್ಲಿ. ಪೋಸ್ಟ್‌ಗ್ರೆಸ್ ಎಂಬುದು 5432ರಲ್ಲಿ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರು 1433ರಲ್ಲಿ.

ಮೂರು ಬಗೆಯ ಉತ್ತರ

ಬಾಗಿಲು ತಟ್ಟುವುದಕ್ಕೂ ಒಂದು ಶಿಷ್ಟಾಚಾರವಿದೆ. ಟಿಸಿಪಿ ಎಂಬ ಆ ನಿಯಮಾವಳಿಯು 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. 2022ರಲ್ಲಿ ಪರಿಷ್ಕೃತವಾದಾಗಲೂ ಈ ಭಾಗ ಬದಲಾಗಲಿಲ್ಲ. ಕೇಳುವವನು "ಮಾತಾಡಬಹುದೇ?" ಎನ್ನುತ್ತಾನೆ. ಬಾಗಿಲಲ್ಲಿ ಕುಳಿತವನು "ಆಗಬಹುದು, ನಿನಗೆ ಕೇಳಿಸುತ್ತಿದೆಯೇ?" ಎನ್ನುತ್ತಾನೆ. ಮೊದಲಿನವನು "ಕೇಳಿಸುತ್ತಿದೆ" ಎನ್ನುತ್ತಾನೆ. ಈ ಮೂರು ಮಾತು ಮುಗಿದ ಮೇಲೆಯೇ ವ್ಯವಹಾರ. ಒಂದು ವೇಳೆ ಆ ಬಾಗಿಲಲ್ಲಿ ಯಾರೂ ಕುಳಿತಿಲ್ಲದಿದ್ದರೆ? ಆಗ ಆ ಮನೆಯು ಸುಮ್ಮನಿರಕೂಡದು. "ಇಲ್ಲಿ ಯಾರೂ ಇಲ್ಲ" ಎಂಬ ಮರುದನಿಯನ್ನು ಕೂಡಲೇ ಕಳುಹಿಸಬೇಕು. ಇದು ನಿಯಮ. ನಮ್ಮ ಪರದೆಯ ಮೇಲೆ 'ನಿರಾಕರಿಸಲಾಗಿದೆ' ಎಂದು ಮೂಡುವುದು ಈ ಮರುದನಿಯೇ.

ನಿರಾಕರಣೆಯೆಂದರೆ ಮೌನವಲ್ಲ, ಅದೊಂದು ಉತ್ತರ. ಉತ್ತರ ಬಂದಿದೆಯೆಂದರೆ ತಂತಿ ಸರಿಯಿದೆ, ದಾರಿ ಸರಿಯಿದೆ, ಆ ವಿಳಾಸದಲ್ಲಿ ಯಾವುದೋ ಒಂದು ಮನೆ ಎಚ್ಚರವಾಗಿದೆ. ಇದಿಷ್ಟನ್ನೂ ಆ ಒಂದು ಮಾತು ನಿಮಗೆ ತಿಳಿಸಿಬಿಟ್ಟಿದೆ. ಹಾಗಿದ್ದಮೇಲೆ ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸುವುದು ವ್ಯರ್ಥ ಶ್ರಮವಲ್ಲವೆ?

ಎರಡನೆಯ ಬಗೆ ಮೌನ. ತಟ್ಟುತ್ತೇವೆ, ಉತ್ತರವಿಲ್ಲ, ಮತ್ತೆ ತಟ್ಟುತ್ತೇವೆ, ಉತ್ತರವಿಲ್ಲ, ಕೊನೆಗೆ ಬೇಸತ್ತು ಹಿಂದಿರುಗುತ್ತೇವೆ. ಇದನ್ನು 'ಟೈಮ್ಡ್ ಔಟ್' ಎನ್ನುತ್ತಾರೆ. ಮೂರನೆಯ ಬಗೆಯಲ್ಲಿ ಬಾಗಿಲು ತೆರೆಯುತ್ತದೆ, ಶಾನುಭೋಗರೇ ಕಾಣಿಸಿಕೊಳ್ಳುತ್ತಾರೆ, ಆದರೆ "ನೀವು ಯಾರೋ ನನಗೆ ಗೊತ್ತಿಲ್ಲ" ಎಂದು ಹಿಂದಕ್ಕೆ ಕಳುಹಿಸುತ್ತಾರೆ. ಇದು 'ಆಕ್ಸೆಸ್ ಡಿನೈಡ್'.

ಈ ಮೂರನ್ನೂ ಅಂಕಿಗಳಿಂದ ಗುರುತಿಸಬಹುದು. ಮೈಎಸ್‌ಕ್ಯೂಎಲ್ ತಲುಪಲಾಗದಿದ್ದಾಗ ಮೊದಲು 2003 ಎಂಬ ಸಂಖ್ಯೆ ಬರುತ್ತದೆ. ಅದರ ಜೊತೆಯಲ್ಲಿ ಕಂಸದೊಳಗೆ ಇನ್ನೊಂದು ಚಿಕ್ಕ ಸಂಖ್ಯೆ ಇರುತ್ತದೆ. ಜನರು ಓದದೆ ಬಿಡುವುದು ಅದನ್ನೇ. ಕೇಳುವ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೆ 10061 ಎಂದರೆ ನಿರಾಕರಣೆ, 10060 ಎಂದರೆ ಮೌನ. ಲಿನಕ್ಸ್ ಇದ್ದರೆ ಅವೇ ಎರಡು 111 ಮತ್ತು 110. ಬಾಗಿಲು ತೆರೆದು ಹಿಂದಕ್ಕೆ ಕಳುಹಿಸಿದರೆ 2003 ಬರುವುದೇ ಇಲ್ಲ. 1045 ಅಥವಾ 1130 ಬರುತ್ತದೆ. ಅಂಕಿ ಕಾಣದಿದ್ದರೆ ಗಡಿಯಾರ ನೋಡಿರಿ. ನಿರಾಕರಣೆ ಬರುವುದು ಕೂಡಲೇ, ಹೆಚ್ಚೆಂದರೆ ಎರಡು ಮೂರು ಸೆಕೆಂಡಿನಲ್ಲಿ. ಮೌನವು ವಿಂಡೋಸಿನಲ್ಲಿ ಸುಮಾರು 21 ಸೆಕೆಂಡು, ಲಿನಕ್ಸಿನಲ್ಲಿ ಎರಡು ನಿಮಿಷಕ್ಕೂ ಸ್ವಲ್ಪ ಹೆಚ್ಚು ಕಾಯಿಸುತ್ತದೆ.

ಈಗ ಆ ಹುಡುಗನ ಕೆಲಸಗಳನ್ನು ನೆನೆಯಿರಿ. ಗುಪ್ತಪದ ತಪ್ಪಾಗಿದ್ದರೆ 1045 ಬರಬೇಕಾಗಿತ್ತು. ಶಾನುಭೋಗರ ಮುಖವನ್ನೇ ಕಾಣದವನನ್ನು ಅವರು ಗುರುತು ಕೇಳುವುದೆಂತು? ಕಡತವೇ ಕೆಟ್ಟಿದ್ದರೆ ವೈದ್ಯರ ಕೋಣೆಯಲ್ಲಿ ಕೆಲಸ ನಡೆಯುತ್ತಿರಲಿಲ್ಲ. 10061 ಎಂಬ ಅಂಕಿಯು ಇದನ್ನೆಲ್ಲ ಮೊದಲೇ ಹೇಳಿತ್ತು.

ನಿರಾಕರಣೆಗೆ ಕಾರಣಗಳು

ಹಾಗಾದರೆ ನಿರಾಕರಣೆ ಏಕೆ ಬರುತ್ತದೆ? ಮುಖ್ಯವಾಗಿ ನಾಲ್ಕು ಕಾರಣಗಳುಂಟು. ಸುಲಭವಾದುದರಿಂದ ಆರಂಭಿಸಿ ಈ ಅನುಕ್ರಮದಲ್ಲಿಯೇ ನೋಡುತ್ತಾ ಹೋಗಿರಿ.

ಮೊದಲನೆಯದು, ಶಾನುಭೋಗರು ಇನ್ನೂ ಎದ್ದಿಲ್ಲ. ಕಂಪ್ಯೂಟರು ನಡೆಯುತ್ತಿದೆ, ಆದರೆ ಡೇಟಾಬೇಸಿನ ಪ್ರೋಗ್ರಾಮು ನಿಂತಿದೆ. ವಿಂಡೋಸಿನಲ್ಲಿ 'ಸರ್ವಿಸಸ್' ಎಂಬ ಪಟ್ಟಿಯನ್ನು ತೆರೆದು ಮೈಎಸ್‌ಕ್ಯೂಎಲ್ ಎಂಬ ಸಾಲಿನ ಮುಂದೆ 'ರನ್ನಿಂಗ್' ಎಂದಿದೆಯೇ, ತಾನಾಗಿ ಏಳುವಂತೆ 'ಆಟೊಮ್ಯಾಟಿಕ್' ಎಂದು ಗೊತ್ತುಪಡಿಸಿದೆಯೇ ಎಂದು ನೋಡಿರಿ. ಎಬ್ಬಿಸಿದರೂ ಏಳದಿದ್ದರೆ ಅದು ಬರೆದಿಟ್ಟ ದೋಷದ ದಿನಚರಿಯನ್ನು ಓದಿರಿ. ಡಿಸ್ಕಿನಲ್ಲಿ ಜಾಗ ಮುಗಿದಿರುವುದು ಒಂದು ಸಾಮಾನ್ಯ ಕಾರಣ. ವಿದ್ಯುತ್ತು ಹಠಾತ್ತನೆ ಹೋದ ಮೇಲೆ ಡೇಟಾಬೇಸು ಅರ್ಧಕ್ಕೆ ನಿಂತ ಬರಹವನ್ನು ಸರಿಪಡಿಸಿಕೊಂಡ ನಂತರವೇ ಬಾಗಿಲಿಗೆ ಬರುತ್ತದೆ. ಅಷ್ಟು ಹೊತ್ತು ನಿರಾಕರಣೆ ಸಹಜ. ಗಾಬರಿಗೊಂಡು ಮತ್ತೆ ಮತ್ತೆ ಆರಿಸಿ ಹೊತ್ತಿಸಬೇಡಿರಿ. ಎದ್ದು ಮುಖ ತೊಳೆಯಲು ಬಿಡುವು ಕೊಡಿರಿ.

ಎರಡನೆಯದು, ಶಾನುಭೋಗರು ಎದ್ದಿದ್ದಾರೆ, ಆದರೆ ಜಗಲಿಗೆ ಬಾರದೆ ನಡುಮನೆಯಲ್ಲಿಯೇ ಕುಳಿತಿದ್ದಾರೆ. ಮನೆಯವರು ಕೂಗಿದರೆ ಓಗೊಡುತ್ತಾರೆ. ಬೀದಿಯಿಂದ ಕೂಗಿದರೆ ಅವರಿಗೆ ಕೇಳಿಸದು. ಕಂಪ್ಯೂಟರಿನ ಭಾಷೆಯಲ್ಲಿ 127.0.0.1 ಎಂಬ ವಿಳಾಸಕ್ಕೆ 'ನಾನೇ' ಎಂದು ಅರ್ಥ. ಉಬುಂಟು ಎಂಬ ಲಿನಕ್ಸಿನಲ್ಲಿ ಮೈಎಸ್‌ಕ್ಯೂಎಲ್ ಹಾಕಿದಾಗ ಅದರ ಸಿದ್ಧತೆಯ ಕಡತದಲ್ಲಿ 'ಬೈಂಡ್-ಅಡ್ರೆಸ್' ಎಂಬ ಸಾಲಿನ ಮುಂದೆ ಈ ವಿಳಾಸವೇ ಬರೆದಿರುತ್ತದೆ. ಪೋಸ್ಟ್‌ಗ್ರೆಸಿನಲ್ಲಿಯೂ ಆರಂಭದ ಏರ್ಪಾಡು ಇದೇ. ಹೊಸದಾಗಿ ಹಾಕಿದ ಡೇಟಾಬೇಸು ಪಕ್ಕದ ಕಂಪ್ಯೂಟರಿಗೆ ದೊರೆಯದಿರಲು ಬಹುಪಾಲು ಇದೇ ಕಾರಣ.

ಇಲ್ಲಿ ಒಂದು ಮೋಸಹೋಗುವ ಸಂಭವವಿದೆ. ಸರ್ವರಿನ ಎದುರಿಗೇ ಕುಳಿತು ಪರೀಕ್ಷಿಸಿ, "ನನಗೆ ಬರುತ್ತಿದೆಯಲ್ಲ!" ಎನ್ನುವವರು ಉಂಟು. ನಡುಮನೆಯಲ್ಲಿ ನಿಂತು ಮಾತಾಡಿಸಿ, ಬೀದಿಯ ಬಾಗಿಲು ತೆರೆದಿದೆಯೆಂದು ತೀರ್ಮಾನಿಸಿದಂತಾಯಿತು. ನಿಜವಾದ ಪರೀಕ್ಷೆಗೆ ಸರ್ವರಿನಲ್ಲಿ 'ನೆಟ್‌ಸ್ಟಾಟ್' ಎಂಬ ಆಜ್ಞೆಯನ್ನು ಎ, ಎನ್ ಎಂಬ ಗುರುತುಗಳೊಡನೆ ಕೊಟ್ಟು, 'ಲಿಸನಿಂಗ್' ಎಂದಿರುವ ಸಾಲುಗಳಲ್ಲಿ 3306ನ್ನು ಹುಡುಕಿರಿ. ಅದರ ಹಿಂದೆ 127.0.0.1 ಎಂದಿದ್ದರೆ ಶಾನುಭೋಗರು ನಡುಮನೆಯಲ್ಲಿದ್ದಾರೆ. 0.0.0.0 ಎಂದಿದ್ದರೆ ಎಲ್ಲ ದಿಕ್ಕಿನ ಬಾಗಿಲಲ್ಲಿಯೂ ಇದ್ದಾರೆ. ಆ ಸಾಲೇ ಇಲ್ಲದಿದ್ದರೆ ಅವರು ಎದ್ದೇ ಇಲ್ಲ, ಅಥವಾ ಬೇರೆ ಬಾಗಿಲಲ್ಲಿ ಕುಳಿತಿದ್ದಾರೆ.

ಈ ಬೇರೆ ಬಾಗಿಲೇ ಮೂರನೆಯ ಕಾರಣ. ಒಂದೇ ಕಂಪ್ಯೂಟರಿನಲ್ಲಿ ಎರಡು ಡೇಟಾಬೇಸುಗಳನ್ನು ಹಾಕಿದಾಗ ಎರಡನೆಯದಕ್ಕೆ 3307 ಎಂಬಂತೆ ಪಕ್ಕದ ಸಂಖ್ಯೆಯನ್ನು ಕೊಡುವುದು ವಾಡಿಕೆ. ಕೇಳುವ ಪ್ರೋಗ್ರಾಮಿಗೆ ಅದು ತಿಳಿಯದಿದ್ದರೆ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ.

ನಾಲ್ಕನೆಯದು, ಮನೆಯೇ ತಪ್ಪು. ರೂಟರು ಹಂಚಿದ ವಿಳಾಸಗಳು ಶಾಶ್ವತವಲ್ಲ. ಬಾಡಿಗೆಯ ಮನೆಯಂತೆ ಅವಕ್ಕೆ ಒಂದು ಅವಧಿಯುಂಟು. ಶಾನುಭೋಗರು ಮನೆ ಬದಲಿಸಿ, ಹಳೆಯ ಮನೆಗೆ ಬೇರೊಬ್ಬರು ಬಂದಿದ್ದರೆ, ನೀವು ತಟ್ಟಿದಾಗ ಆ ಹೊಸಬರು "ಇಲ್ಲಿ ಅಂಥವರು ಯಾರೂ ಇಲ್ಲ" ಎಂದು ಸತ್ಯವನ್ನೇ ನುಡಿಯುತ್ತಾರೆ. ಸರ್ವರಿನಲ್ಲಿ 'ಐಪಿಕಾನ್ಫಿಗ್' ಎಂಬ ಆಜ್ಞೆ ಕೊಟ್ಟು ಅದರ ಈಗಿನ ವಿಳಾಸವನ್ನು ಬರೆದುಕೊಂಡು, ಕೇಳುವ ಕಂಪ್ಯೂಟರಿನಲ್ಲಿ ಬರೆದಿರುವ ವಿಳಾಸದೊಡನೆ ಅಂಕಿಗೆ ಅಂಕಿ ತಾಳೆ ನೋಡಿರಿ.

ಇಲ್ಲಿ 'ಪಿಂಗ್' ಎಂಬ ಆಜ್ಞೆಯ ವಿಷಯವಾಗಿ ಒಂದು ಮಾತು. ಅಮೆರಿಕದ ಮೈಕ್ ಮ್ಯೂಸ್ ಎಂಬವರು 1983ರ ಡಿಸೆಂಬರಿನಲ್ಲಿ ಬರೆದ ಪ್ರೋಗ್ರಾಮಿದು. ನೀರಿನೊಳಗೆ ಜಲಾಂತರ್ಗಾಮಿಗಳನ್ನು ಹುಡುಕುವ ಸೋನಾರ್ ಯಂತ್ರದ ಸದ್ದನ್ನು ನೆನೆದು ಅವರು ಇಟ್ಟ ಹೆಸರದು. ಪಿಂಗಿಗೆ ಉತ್ತರ ಬಂದರೆ ಆ ವಿಳಾಸದಲ್ಲಿ ಒಂದು ಮನೆಯಿದೆ ಎಂದಷ್ಟೇ ಅರ್ಥ. ಅದು ಯಾರ ಮನೆ, ಯಾವ ಬಾಗಿಲು ತೆರೆದಿದೆ ಎಂಬುದನ್ನು ಅದು ಹೇಳದು. ಬಾಗಿಲನ್ನೇ ತಟ್ಟಿ ನೋಡಬೇಕಾದರೆ ವಿಂಡೋಸಿನ ಪವರ್‌ಶೆಲ್ಲಿನಲ್ಲಿ 'ಟೆಸ್ಟ್-ನೆಟ್‌ಕನೆಕ್ಷನ್' ಎಂಬ ಆಜ್ಞೆಯುಂಟು. ಅದಕ್ಕೆ ವಿಳಾಸವನ್ನೂ ಪೋರ್ಟಿನ ಸಂಖ್ಯೆಯನ್ನೂ ಕೊಟ್ಟರೆ ಆ ಬಾಗಿಲು ತೆರೆದಿದೆಯೋ ಇಲ್ಲವೋ ಎಂಬುದನ್ನು 'ಟ್ರೂ' ಅಥವಾ 'ಫಾಲ್ಸ್' ಎಂಬ ಒಂದು ಮಾತಿನಲ್ಲಿ ತಿಳಿಸುತ್ತದೆ.

ಮೌನವಾದರೆ, ಗುರುತು ಕೇಳಿದರೆ

ನಿರಾಕರಣೆಯ ಬದಲು ಮೌನ ಸಿಕ್ಕಿದರೆ ದಾರಿಯಲ್ಲಿ ಕಾವಲುಗಾರನು ನಿಂತಿರಬಹುದೆಂದು ಮೊದಲು ಶಂಕಿಸಬೇಕು. ಫೈರ್‌ವಾಲಿನ ಸಾಮಾನ್ಯ ಅಭ್ಯಾಸವೆಂದರೆ ಬೇಡದ ಕರೆಯನ್ನು ಸದ್ದಿಲ್ಲದೆ ಎಸೆದುಬಿಡುವುದು. ಇಲ್ಲವೆಂದು ಕೂಡ ಅದು ಹೇಳುವುದಿಲ್ಲ. ವಿಂಡೋಸಿನ ಫೈರ್‌ವಾಲು ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಬಾಗಿಲಲ್ಲಿ ಯಾರೂ ಇಲ್ಲದಿದ್ದಾಗ ಮನೆಯು ಕೊಡಬೇಕಾದ ಮರುದನಿಯನ್ನೂ ಅದು ತಡೆಯುತ್ತದೆ. ಆದುದರಿಂದ ಸರ್ವರು ವಿಂಡೋಸ್ ಆಗಿದ್ದರೆ, ಶಾನುಭೋಗರು ಮಲಗಿರುವಾಗಲೂ ಮೌನವೇ ಸಿಕ್ಕಬಹುದು. ಇದಕ್ಕೆ ವಿರುದ್ಧವಾಗಿ, ಬೇಕೆಂದೇ ನಿರಾಕರಣೆಯನ್ನು ಕಳುಹಿಸುವಂತೆ ಏರ್ಪಡಿಸಿದ ಕಾವಲುಗಳೂ ಉಂಟು. ಹೀಗಾಗಿ ಮರುದನಿಯು ಹುಡುಕಾಟಕ್ಕೆ ದಿಕ್ಕು ತೋರಿಸುತ್ತದೆ. ಕೊನೆಯ ತೀರ್ಪನ್ನು ಸರ್ವರಿನ ಎದುರಿನಲ್ಲಿ ಕುಳಿತು ಖಚಿತಪಡಿಸಿಕೊಳ್ಳಬೇಕು.

ಹೊಸ ರೂಟರು ತಂದ ದಿನವೇ ಮೌನ ಆರಂಭವಾದರೆ ಇನ್ನೊಂದನ್ನು ನೋಡಿರಿ. ಪರಿಚಯವಿಲ್ಲದ ಜಾಲವನ್ನು ವಿಂಡೋಸು 'ಪಬ್ಲಿಕ್', ಅಂದರೆ ಸಾರ್ವಜನಿಕ ಸ್ಥಳ, ಎಂದು ಎಣಿಸಬಹುದು. 'ಪ್ರೈವೇಟ್' ಜಾಲಕ್ಕೆಂದು ಕೊಟ್ಟಿದ್ದ ಅನುಮತಿಗಳು ಆಗ ಕೆಲಸ ಮಾಡುವುದಿಲ್ಲ. ಅಪರಿಚಿತ ಬಸ್‌ನಿಲ್ದಾಣದಲ್ಲಿ ನಾವು ಪೆಟ್ಟಿಗೆಯನ್ನು ಅಪ್ಪಿಕೊಂಡು ಕೂರುವಂತೆಯೇ ಅದು.

1045 ಅಥವಾ 1130 ಬಂದರೆ ಬೇಸರಪಡಬೇಡಿರಿ. ನೀವು ಶಾನುಭೋಗರ ಎದುರಿಗೆ ತಲುಪಿದ್ದೀರಿ. ದಾರಿ, ಮನೆ, ಬಾಗಿಲು ಮೂರೂ ಸರಿಯಿವೆ. ಉಳಿದಿರುವುದು ಗುರುತಿನ ಚೀಟಿ ಮಾತ್ರ. ಮೈಎಸ್‌ಕ್ಯೂಎಲ್ ಒಬ್ಬ ಬಳಕೆದಾರನನ್ನು ಹೆಸರಿನಿಂದ ಮಾತ್ರವಲ್ಲದೆ, ಅವನು ಎಲ್ಲಿಂದ ಬಂದ ಎಂಬುದರಿಂದಲೂ ಗುರುತಿಸುತ್ತದೆ. ಮನೆಯೊಳಗಿನಿಂದ ಬಂದ ರಾಮಣ್ಣ ಬೇರೆ, ಬೀದಿಯಿಂದ ಬಂದ ರಾಮಣ್ಣ ಬೇರೆ. ಮನೆಯೊಳಗಿನ ರಾಮಣ್ಣನಿಗೆ ಕೊಟ್ಟ ಅನುಮತಿ ಬೀದಿಯ ರಾಮಣ್ಣನಿಗೆ ಸಲ್ಲದು. ಇನ್ನು 1040 ಎಂಬ ಅಂಕಿ ಬಂದರೆ ಜಗಲಿಯಲ್ಲಿ ಜಾಗವಿಲ್ಲವೆಂದು ಅರ್ಥ. ಬದಲಿಸದಿದ್ದರೆ ಏಕಕಾಲಕ್ಕೆ 151 ಸಂಪರ್ಕಗಳು ಅದರ ಮಿತಿ.

ಎಲ್ಲ ಬಾಗಿಲನ್ನೂ ತೆರೆಯಬೇಡಿರಿ

"ಇಷ್ಟೆಲ್ಲ ತಲೆನೋವೇಕೆ? ಗೋಡೆ ಬೀಳಿಸಿ, ಎಲ್ಲ ಬಾಗಿಲು ತೆರೆದು, ಯಾರು ಬಂದರೂ ಬರಲಿ ಎಂದರಾಯಿತಲ್ಲ?" ಎಂದು ನೀವು ಕೇಳಬಹುದು. ಎಷ್ಟೋ ಜನ ಮಾಡುವುದೂ ಅದನ್ನೇ. ಮಾಡಿದ ಕೂಡಲೇ ಕೆಲಸವೂ ಆಗಿಬಿಡುತ್ತದೆ. ಅಪಾಯವಿರುವುದು ಅಲ್ಲಿಯೇ.

2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಹುಳು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರುಗಳನ್ನು ಮುತ್ತಿತು. ಅದರ ಗಾತ್ರ ಕೇವಲ 376 ಬೈಟು. ಒಂದು ಅಂಚೆಕಾರ್ಡಿನಲ್ಲಿ ಬರೆಯುವಷ್ಟು ಅಕ್ಷರಗಳು. ಹೊರಜಗತ್ತಿಗೆ ತೆರೆದಿದ್ದ 1434ನೆಯ ಬಾಗಿಲಿನಿಂದ ಅದು ನುಗ್ಗಿತು. ಕನಿಷ್ಠ 75,000 ಯಂತ್ರಗಳು ಸಿಕ್ಕಿಬಿದ್ದವು. ಅವುಗಳಲ್ಲಿ ಬಹುಪಾಲು ಮೊದಲ ಹತ್ತೇ ನಿಮಿಷಗಳಲ್ಲಿ. ಆ ದೋಷಕ್ಕೆ ಮದ್ದು ಆರು ತಿಂಗಳ ಮುಂಚೆ, 2002ರ ಜುಲೈಯಲ್ಲಿಯೇ, ಬಂದಿತ್ತು, ಹಚ್ಚಿಕೊಂಡಿರಲಿಲ್ಲ. 2016ರ ಕೊನೆಯಿಂದ 2017ರ ಜನವರಿಯವರೆಗೆ ಮೊಂಗೋಡಿಬಿ ಎಂಬ ಡೇಟಾಬೇಸಿನ ಹತ್ತಾರು ಸಾವಿರ ಸರ್ವರುಗಳಿಗೆ ಬೇರೊಂದು ವಿಪತ್ತು ಬಂದಿತು. ಗುಪ್ತಪದವಿಲ್ಲದೆ ಲೋಕಕ್ಕೆಲ್ಲ ತೆರೆದಿಟ್ಟಿದ್ದ ಕಡತಗಳನ್ನು ದುಷ್ಟರು ಅಳಿಸಿ, ಹಣ ಕೊಟ್ಟರೆ ಹಿಂದಿರುಗಿಸುವೆವೆಂದು ಚೀಟಿ ಬರೆದಿಟ್ಟರು. ಹಣ ತೆತ್ತರೂ ಕಡತ ಹಿಂದಕ್ಕೆ ಬಾರದವರು ಅನೇಕರು. ಅದೇ 2017ರ ಕೊನೆಯಲ್ಲಿ ಬಂದ 3.6ನೆಯ ಆವೃತ್ತಿಯಿಂದ ಆ ಡೇಟಾಬೇಸು ತಾನಾಗಿಯೇ ನಡುಮನೆಯಲ್ಲಿ ಕುಳಿತುಕೊಳ್ಳುವಂತೆ ಮಾಡಲಾಯಿತು.

ಆರಂಭದಲ್ಲಿಯೇ ಬಾಗಿಲು ಹಾಕಿರುವುದು ತಯಾರಕರ ಜಿಪುಣತನವಲ್ಲ, ಅನುಭವದಿಂದ ಕಲಿತ ಎಚ್ಚರ. ಆದುದರಿಂದ ಬೇಕಾದ ಬಾಗಿಲನ್ನು ಬೇಕಾದವರಿಗೆ ಮಾತ್ರ ತೆರೆಯಿರಿ. ಬೈಂಡ್-ಅಡ್ರೆಸಿನ ಮುಂದೆ 0.0.0.0 ಎಂದು ಬರೆಯುವ ಬದಲು ಸರ್ವರಿನ ಸ್ವಂತ ವಿಳಾಸವನ್ನು ಬರೆಯಿರಿ, ಮೈಎಸ್‌ಕ್ಯೂಎಲ್‌ನ 8.0.13ನೆಯ ಆವೃತ್ತಿಯಿಂದ ಅದರೊಡನೆ 127.0.0.1ನ್ನೂ ಅಲ್ಪವಿರಾಮ ಹಾಕಿ ಸೇರಿಸಬಹುದು. ಬರೆದ ಮೇಲೆ ಪ್ರೋಗ್ರಾಮನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಬೇಕು. ಫೈರ್‌ವಾಲಿನಲ್ಲಿ 3306ನ್ನು ನಿಮ್ಮ ಕಟ್ಟಡದ ಜಾಲಕ್ಕೆ ಮಾತ್ರ ಬಿಡಿರಿ. ಚೀಟಿ ಬರೆಯುವ ಕಂಪ್ಯೂಟರಿಗೆ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವುಳ್ಳ ಪ್ರತ್ಯೇಕ ಬಳಕೆದಾರನನ್ನು ನೇಮಿಸಿರಿ. ಹೊರಗಿನ ಲೋಕದಿಂದ ನೇರವಾಗಿ ಡೇಟಾಬೇಸಿಗೆ ಬರುವ ದಾರಿಯನ್ನು ರೂಟರಿನಲ್ಲಿ ಎಂದಿಗೂ ಕೊಡಬೇಡಿರಿ. ಪರೀಕ್ಷೆಗೆಂದು ಗೋಡೆಯನ್ನು ಒಂದು ಗಳಿಗೆ ಆರಿಸಿದರೂ ಮರೆಯದೆ ಮತ್ತೆ ಹೊತ್ತಿಸಿರಿ.

ಆ ಸೋಮವಾರ

ಈಗ ಚಿಕಿತ್ಸಾಲಯಕ್ಕೆ ಹಿಂದಿರುಗೋಣ. ಬಂದ ಹಿರಿಯರು 10061 ಎಂಬ ಅಂಕಿಯನ್ನು ಓದಿದರು. "ಯಾರೋ ಉತ್ತರ ಕೊಡುತ್ತಿದ್ದಾರೆ. ಗೋಡೆ ಆರಿಸುವ ಮೊದಲೂ ಇದೇ ಅಂಕಿ ಬಂದಿತ್ತೇ?" ಎಂದು ಕೇಳಿದರು. ಹುಡುಗ ಹೌದೆಂದನು. "ವೈದ್ಯರದು ವಿಂಡೋಸ್ ಯಂತ್ರ. ಗೋಡೆ ಇದ್ದಾಗ ಅದು ಸುಮ್ಮನಿರುವ ಸ್ವಭಾವದ್ದು, ಹೀಗೆ ತಕ್ಷಣ ಇಲ್ಲವೆನ್ನುವುದಿಲ್ಲ. ಹಾಗಾದರೆ ಈ ಉತ್ತರ ಕೊಡುತ್ತಿರುವುದು ಯಾರು?" ಎಂದು ಒಳಗೆ ಹೋಗಿ ವೈದ್ಯರ ಕಂಪ್ಯೂಟರಿನ ವಿಳಾಸ ನೋಡಿದರು. 192.168.1.7 ಎಂದಿತ್ತು. ಹುಡುಗನ ಕಂಪ್ಯೂಟರಿನಲ್ಲಿ ಬರೆದಿದ್ದುದು 192.168.1.5. ಮೂಲೆಯಲ್ಲಿದ್ದ ಮುದ್ರಣಯಂತ್ರದ ಗುಂಡಿಯೊತ್ತಿ ಅದರ ವಿವರದ ಹಾಳೆಯನ್ನು ಅಚ್ಚುಮಾಡಿಸಿದರು. ಅದು ತನ್ನ ವಿಳಾಸವನ್ನು ತಾನೇ ಅಚ್ಚೊತ್ತಿ ಕೈಗಿತ್ತಿತು: 192.168.1.5.

ನಡೆದದ್ದು ಇಷ್ಟು. ವಿದ್ಯುತ್ತು ಹೋಗಿ ಬಂದಾಗ ರೂಟರು ಹಳೆಯ ಹಂಚಿಕೆಯನ್ನು ಮರೆತಿತ್ತು. ಕಂಪ್ಯೂಟರಿಗಿಂತ ಮೊದಲು ಎಚ್ಚೆತ್ತ ಮುದ್ರಣಯಂತ್ರಕ್ಕೆ ವೈದ್ಯರ ಹಳೆಯ ವಿಳಾಸ ದೊರೆಯಿತು. ಹುಡುಗನ ಕಂಪ್ಯೂಟರು ಬೆಳಗಿನಿಂದ ರೋಗಿಗಳ ದಾಖಲೆಯನ್ನು ಕೇಳುತ್ತಿದ್ದುದು ಮುದ್ರಣಯಂತ್ರವನ್ನು. ಅದು ಪಾಪ, ಪ್ರತಿ ಸಲವೂ ಇಲ್ಲವೆಂದು ಪ್ರಾಮಾಣಿಕವಾಗಿ ಹೇಳುತ್ತಿತ್ತು. ವೈದ್ಯರ ಯಂತ್ರಕ್ಕೆ ಅದರ ಹಳೆಯ ವಿಳಾಸವನ್ನೇ ರೂಟರಿನಲ್ಲಿ ಕಾಯಂ ಆಗಿ ಕಾದಿರಿಸಿ, ಎಲ್ಲವನ್ನೂ ಒಮ್ಮೆ ಆರಿಸಿ ಹೊತ್ತಿಸಿ, ಗೋಡೆಯನ್ನು ಮತ್ತೆ ನಿಲ್ಲಿಸಿ, ಬದಲಿಸಿದ ಗುಪ್ತಪದವನ್ನು ಸರಿಪಡಿಸಲು ಹಿಡಿದದ್ದು ಹತ್ತು ಹದಿನೈದು ನಿಮಿಷ.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರೆ ಮುಂದೆ ಉಸಿರಾಡುವುದೆಂತು? ಡೇಟಾಬೇಸನ್ನು ತೆಗೆದುಹಾಕಿ ಹೊಸದಾಗಿ ಹಾಕಿದ್ದರೆ ಆರು ವರ್ಷಗಳ ದಾಖಲೆ ಅದರೊಡನೆ ಹೋಗಬಹುದಾಗಿತ್ತು. ನಕಲು ಇದೆಯೇ ಎಂದು ಕೇಳಿದಾಗ ಹುಡುಗನ ಮುಖ ಬಾಡಿತು. ಅಂದು ಮಧ್ಯಾಹ್ನ ವೈದ್ಯರು ಮೊದಲು ಮಾಡಿಸಿದ ಕೆಲಸವೆಂದರೆ ಇಡೀ ಕಡತದ ಒಂದು ನಕಲು ತೆಗೆಸಿ ಬೇರೆಡೆ ಇಡಿಸಿದ್ದು. ಯಾವ ದುರಸ್ತಿಗೂ ಕೈಹಾಕುವ ಮುಂಚೆ ನೀವೂ ಅದನ್ನೇ ಮಾಡಿರಿ.

ಒಂದು ಸಣ್ಣ ರಟ್ಟಿನ ಮೇಲೆ ನಿಮ್ಮ ಸರ್ವರಿನ ವಿಳಾಸ, ಬಾಗಿಲಿನ ಸಂಖ್ಯೆ, ನಕಲು ತೆಗೆದ ತಾರೀಖು, ಈ ಮೂರನ್ನೂ ಬರೆದು ಗೋಡೆಗೆ ತೂಗುಹಾಕಿರಿ. ಗುಪ್ತಪದವನ್ನು ಮಾತ್ರ ಬರೆಯಬೇಡಿರಿ. ಮುಂದೊಂದು ಬೆಳಗ್ಗೆ ಪರದೆಯ ಮೇಲೆ ನಿರಾಕರಣೆ ಮೂಡಿದರೆ ಕೈಗೆ ಸಿಕ್ಕಿದ ಗುಂಡಿಯನ್ನೆಲ್ಲ ಒತ್ತಬೇಡಿರಿ. ಅಂಕಿಯನ್ನು ಓದಿರಿ, ಗಡಿಯಾರವನ್ನು ನೋಡಿರಿ, ಆ ಉತ್ತರ ಯಾರ ಮನೆಯಿಂದ ಬಂದಿತೆಂದು ವಿಚಾರಿಸಿರಿ. ಅಷ್ಟಾದ ಮೇಲೆ ಎಲ್ಲಿ ಕೈಯಿಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.